ಬಿಟ್ಟ ಹಣ್ಣಿಗೆ ಬದಲಿ ಪೆಪ್ಪರ್‌ಮೆಂಟ್

ನಮ್ಮ ಕಾಕಾ ಮಾಡುವ ಫ್ರೂಟ್ ಸಲಾಡ್ ತಿಂದು ಹಲ್ಲು ಉಳಿಸಿಕೊಂಡವರು ನಮ್ಮ ಬಳಗದಲ್ಲಿ ಬಹಳ ಕಡಿಮೆ. ಉತ್ಪ್ರೇಕ್ಷೆ ಅಂತೀರಾ? ಒಮ್ಮೆ ಕಾಗವಾಡಕ್ಕೆ ಬಂದು ನಮ್ಮ ಮನೆಯ ಹಿರಿಯರನ್ನೆಲ್ಲ ಸಾಲಾಗಿ ಕೂರಿಸಿ ಬಾಯಿ ತೆರೆಸಿ ನೋಡಿ! ಹಣ್ಣಿಗೂ ಹಲ್ಲಿಗೂ ಎಲ್ಲಿಯ ವೈರ ಎಂದು ನೀವು ಕೇಳುವುದು ಸಹಜ. ನಮ್ಮ ಕಾಕಾನ ಸಲಾಡಿನಲ್ಲಿ ಹಣ್ಣು, ಗೋಡಂಬಿ, ಬದಾಮಿಗಳ ಜೊತೆಗೆ ಪೆಪ್ಪರ್‌ಮೆಂಟೂ ಇರುತ್ತದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ಹೇಳಬೇಕಾದರೆ ನಮ್ಮ ಮನೆಯ ಧರ್ಮದಿಂದಲೇ ಶುರು ಮಾಡಬೇಕು. ವಿಷಯ ಗಂಭೀರವಾದದ್ದು. ನಗು ಬಂದರೆ ಮಾತ್ರ ತಡೆದುಕೊಳ್ಳಬೇಡಿ.

ನಮ್ಮದು ಜೈನರ ಮನೆ. ನಮ್ಮಲ್ಲಿ ಯಾತ್ರೆಗೆ ಹೋದವರು, ದೊಡ್ಡ ಬೇನೆಯಿಂದ ಪಾರಾದವರು, ಚಾತುರ್ಮಾಸದಲ್ಲಿ ಮುನಿಗಳ ಪ್ರವಚನ ಕೇಳಿ ಮನಸ್ಸು ಕರಗಿದವರು, ತಿನ್ನುವ ಪದಾರ್ಥಗಳಲ್ಲಿ ಯಾವುದಾದರೊಂದನ್ನು ಬಿಡುವ ನೇಮ ತೆಗೆದುಕೊಳ್ಳುತ್ತಾರೆ. ಬಸದಿಯಲ್ಲಿ ದೇವರ ಮುಂದೆ ಕೈಜೋಡಿಸಿ ಬಿಟ್ಟರೆ ಮುಗಿಯಿತು, ಮತ್ತೆ ಸಾಯುವ ತನಕ ಅದನ್ನು ಬಾಯಿಗಿಡುವುದಿಲ್ಲ. ಬಿಡುವುದು ಪ್ರೀತಿಯ ಪದಾರ್ಥವೇ ಆಗಿರಬೇಕು, ಇಲ್ಲದಿದ್ದರೆ ತ್ಯಾಗವೇನು ಬಂತು? ನಮ್ಮವ್ವ ಶಿಖರಜಿ ಯಾತ್ರೆಗೆ ಹೋದಾಗ ಮಾವಿನಹಣ್ಣು ಬಿಟ್ಟಳು. ಬರುವಾಗ ರೈಲಿನುದ್ದಕ್ಕೂ ಅತ್ತಳಂತೆ. ಕಾಕಾನ ಹೆಂಡತಿ ಕಾಕು ಚಿಕ್ಕು ಬಿಟ್ಟಳು. ನಮ್ಮಪ್ಪ ಮಾತ್ರ ಬುದ್ಧಿವಂತಿಕೆ ಮಾಡಿ ಸ್ಟ್ರಾಬೆರಿ ಬಿಟ್ಟ! ಆ ಹಣ್ಣನ್ನು ಅವನು ಐಸ್‌ಕ್ರೀಮಿನ ಡಬ್ಬಿಯ ಮೇಲಿನ ಚಿತ್ರದಲ್ಲಲ್ಲದೆ ಎಲ್ಲೂ ಕಂಡವನಲ್ಲ. ಆದರೆ ಕಾಲ ಸುಮ್ಮನಿರುತ್ತದೆಯೇ? ಈಗ ಚಳಿ ಶುರುವಾದರೆ ಸಾಕು, ಮಹಾಬಳೇಶ್ವರದ ಸ್ಟ್ರಾಬೆರಿ ಡಬ್ಬಿಗಳು ನಿಪ್ಪಾಣಿ ಬಸ್‌ಸ್ಟ್ಯಾಂಡಿನ ತನಕ ಬಂದು ಕೂರುತ್ತವೆ. ಅಪ್ಪ ಒಂದು ಡಬ್ಬಿ ಎತ್ತಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತು, ಕೆಳಗಿಡುತ್ತಾನೆ. ಕೇಳಿದರೆ, "ವಾಸನಿ ಬಿಟ್ಟಿಲ್ಲಲ್ಲ ನಾ" ಅನ್ನುತ್ತಾನೆ.

ಇಂಥ ಮನೆಯಲ್ಲಿ ಫ್ರೂಟ್ ಸಲಾಡ್ ಮಾಡುವ ಹುಚ್ಚು ಹತ್ತಿದ್ದು ಅಪ್ಪನ ತಮ್ಮನಾದ ಈ ಕಾಕಾನಿಗೆ. ಕಾಗವಾಡದ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಕಿರಾಣಿ ಅಂಗಡಿ. ಈಗ ವ್ಯಾಪಾರವೆಲ್ಲ ಮಗನದು, ಕಾಕಾನದು ಪೆಪ್ಪರ್‌ಮೆಂಟಿನ ಬರಣಿಗಳ ಹತ್ತಿರ ಒಂದು ಕುರ್ಚಿ, ಅಷ್ಟೇ. ತಿಂಗಳಿಗೊಂದು ರವಿವಾರ ನಾವೆಲ್ಲ ಮನೆಯಲ್ಲಿ ಸೇರುತ್ತೇವೆ. ನಾನು ಚಿಕ್ಕೋಡಿಯಿಂದ ಬರುತ್ತೇನೆ. ಅಂಥದ್ದೊಂದು ರವಿವಾರ ಕಾಕಾ ಬಟ್ಟಲುಗಳನ್ನು ಹಂಚುತ್ತಿದ್ದವನು ತಟ್ಟನೆ ನಿಂತ. ಎಲ್ಲರ ಬಟ್ಟಲಿನಲ್ಲಿ ಏಳು ಹಣ್ಣು, ನಮ್ಮವ್ವನ ಬಟ್ಟಲಿನಲ್ಲಿ ಆರು! ಮಾವಿನ ಜಾಗ ಖಾಲಿ. ಅದು ಅವನಿಂದ ನೋಡಲಾಗಲಿಲ್ಲ. ಅಂಗಡಿಗೆ ಹೋಗಿ ಮಾವಿನ ರುಚಿಯ ಪೆಪ್ಪರ್‌ಮೆಂಟ್ ಒಂದು ತಂದು ಅವ್ವನ ಬಟ್ಟಲಿಗೆ ಹಾಕಿದ.

"ಭಾವಜಿ, ಇದೇನ್ರಿ? ನಾ ಮಾವು ಬಿಟ್ಟೀನ್ರಿ" ಎಂದಳು ಅವ್ವ.

"ಹೌದ್ರಿ ವೈನಿ, ಮಾವಿನಹಣ್ಣ ಬಿಟ್ಟೀರಿ. ಇದು ಹಣ್ಣೇನ್ರಿ? ಇದರಾಗ ಮಾವು ದುರ್ಬೀನ ಹಾಕಿ ಹುಡುಕಿದ್ರೂ ಸಿಗಂಗಿಲ್ಲ. ಬರೇ ಸಕ್ಕರಿ, ಬಣ್ಣ."

"ರುಚಿ ಮಾವಿಂದ ಐತೆಲ್ರಿ?"

"ರುಚಿ ಬಿಡ್ತೀನಂತ ದೇವರ ಮುಂದ ಹೇಳಿದ್ರೇನ್ರಿ?"

ಅವ್ವ ಬಹಳ ಹೊತ್ತು ಯೋಚನೆ ಮಾಡಿದಳು. ಆಮೇಲೆ, "ಪಾಪ ಬಂದ್ರ ನಿಮಗ ಬರ್ಲಿ" ಎಂದು ಹೇಳಿ ಅದನ್ನು ಬಾಯಿಗೆ ಹಾಕಿಕೊಂಡಳು. ಕಾಕಾ ಒಪ್ಪಿಕೊಂಡ. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಯಾವ ಹಣ್ಣು ಬಿಟ್ಟಿದ್ದಾರೋ ಅವರ ಬಟ್ಟಲಿಗೆ ಆ ಹಣ್ಣಿನ ಪೆಪ್ಪರ್‌ಮೆಂಟು ಬೀಳತೊಡಗಿತು. ಯಾರ ನೇಮ ಯಾವುದೆಂದು ಅವನು ಎಲ್ಲೂ ಬರೆದಿಟ್ಟಿಲ್ಲ, ಎಲ್ಲ ಬಾಯಿಪಾಠ. ತನ್ನ ಮೊಮ್ಮಕ್ಕಳ ಹೆಸರು ಅದಲು ಬದಲು ಮಾಡಿ ಕರೆಯುವ ಮನುಷ್ಯ ಇವನೇ!

ಅವನು ಸಲಾಡ್ ಮಾಡುವುದನ್ನು ನೋಡಬೇಕು ನೀವು. ಪ್ರತಿ ಹಣ್ಣನ್ನೂ ಸೀಳಿ, ಬಿಸಿಲಿಗೆ ಹಿಡಿದು, ಕನ್ನಡಕದೊಳಗಿಂದ ಹುಳ ಇದೆಯೋ ಎಂದು ನೋಡುತ್ತಾನೆ. ಇದ್ದರೆ ಆ ಹಣ್ಣನ್ನು ಹುಳದ ಸಮೇತ ಹಿತ್ತಲಿನ ಗಿಡದ ಬುಡಕ್ಕೆ ಬಿಟ್ಟು ಬರುತ್ತಾನೆ. ಪೆಪ್ಪರ್‌ಮೆಂಟಿನ ಚೀಟಿಯ ಮೇಲೆ ಹಸಿರು ಚುಕ್ಕೆ ಇದೆಯೋ ಇಲ್ಲವೋ ಎಂದು ಮೂರು ಸಲ ನೋಡುತ್ತಾನೆ. ಮನೂಕ, ಅಂದರೆ ಒಣದ್ರಾಕ್ಷಿ, ಅಥಣಿಯದೇ ಆಗಬೇಕು. ಗೋಡಂಬಿಯನ್ನು ತುಪ್ಪದಲ್ಲಿ ಹುರಿಯಬೇಕು, ಬದಾಮಿಯನ್ನು ನೆನೆಸಿ ಸಿಪ್ಪೆ ತೆಗೆಯಬೇಕು. ಕೊನೆಗೆ ಪೆಪ್ಪರ್‌ಮೆಂಟನ್ನು ಖಲಬತ್ತದಲ್ಲಿ ಹಾಕಿ ಕುಟ್ಟಬೇಕು. ಕುಟ್ಟುವಾಗ ಮಾತಾಡಿಸಿದರೆ ಸಿಟ್ಟು ಬರುತ್ತದೆ. ಇಷ್ಟೆಲ್ಲ ಮುಗಿದು ಸೂರ್ಯ ಮುಳುಗುವುದರೊಳಗೆ ಎಲ್ಲರೂ ತಿಂದು ಕೈ ತೊಳೆಯಬೇಕು, ಯಾಕೆಂದರೆ ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ತಿನ್ನುವುದಿಲ್ಲ.

ಈ ಸೂರ್ಯನ ಅವಸರದಿಂದಲೇ ನನ್ನ ಮದುವೆ ಮುರಿದು ಬೀಳುವುದರಲ್ಲಿತ್ತು. ರಾಯಬಾಗದ ಕಡೆಯಿಂದ ನನ್ನನ್ನು ನೋಡಲು ಬರುವವರು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ತಡವಾಗಿ ಬಂದರು. ಕಾಕಾ ಬಾಗಿಲಲ್ಲೇ ನಿಂತಿದ್ದ. ಬೇರೆಯವರು ನೀರು ಕೊಡುತ್ತಾರೆ, ಪ್ರಯಾಣ ಹೇಗಾಯಿತು ಎಂದು ಕೇಳುತ್ತಾರೆ. ಇವನು ಒಬ್ಬೊಬ್ಬರನ್ನೇ ನಿಲ್ಲಿಸಿ, "ಬರ್ರಿ ಬರ್ರಿ, ನೀವೇನ್ ಬಿಟ್ಟೀರಿ?" ಎಂದು ಕೇಳಿದ! ಹುಡುಗನ ತಂದೆ ಪೇರಲ, ಅಂದರೆ ಸೀಬೆಹಣ್ಣು, ಬಿಟ್ಟಿದ್ದರು. ಹೊತ್ತು ಮುಳುಗಲು ಇನ್ನು ಹತ್ತೇ ನಿಮಿಷ. ಕುಟ್ಟಲು ಪುರುಸೊತ್ತೆಲ್ಲಿ? ಪೇರಲದ ಪೆಪ್ಪರ್‌ಮೆಂಟ್ ಇಡಿಯಾಗಿಯೇ ಅವರ ಬಟ್ಟಲಿಗೆ ಹೋಯಿತು. ಅವರೂ ಅವಸರದಲ್ಲಿ ಕಚ್ಚಿದರು. ಕಟಕ್ ಎಂದ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಅವರು ಮೆಲ್ಲಗೆ ಅರ್ಧ ಹಲ್ಲನ್ನು ಅಂಗೈಯಲ್ಲಿ ತೆಗೆದುಕೊಂಡು ನೋಡಿ, "ಬೀಜ ಬಿರುಸ ಅಂತ ಪೇರಲ ಬಿಟ್ಟಿದ್ದೆ ನಾ. ನೀವು ಹಣ್ಣ ಬಿಟ್ಟು ಬೀಜಾನ ಹಾಕಿ ಕೊಟ್ರೆಲ್ರಿ!" ಎಂದರು. ಮೊದಲು ನಕ್ಕವರೂ ಅವರೇ. ಈಗ ಅವರು ನನ್ನ ಮಾವ. ಕಾಗವಾಡಕ್ಕೆ ಹೊರಟೆನೆಂದರೆ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕಾಕಾನ ಕ್ಷೇಮ ವಿಚಾರಿಸುತ್ತಾರೆ.

ಇಲ್ಲಿಯ ತನಕ ನಕ್ಕದ್ದಾಯಿತು. ಇನ್ನು ದೊಡ್ಡತ್ತೆಯ ಮಾತಿಗೆ ಬರುತ್ತೇನೆ.

ದೊಡ್ಡತ್ತೆ ಅಂದರೆ ನಮ್ಮಪ್ಪ ಮತ್ತು ಕಾಕಾನ ಅಕ್ಕ. ಎಂಬತ್ತು ದಾಟಿದ್ದಾಳೆ. ನಮ್ಮಜ್ಜಿ ತೀರಿಕೊಂಡಾಗ ಕಾಕಾನಿಗೆ ನಾಲ್ಕು ವರ್ಷವಂತೆ, ಇವಳಿಗೆ ಹನ್ನೊಂದೋ ಹನ್ನೆರಡೋ. ಕಾಕಾನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಆಮೇಲೆ ಜುಗೂಳಕ್ಕೆ ಮದುವೆಯಾಗಿ ಹೋದಳು. ಮಕ್ಕಳಾಗಲಿಲ್ಲ, ಗಂಡನೂ ಹೋದ. ಕಾಕಾ ತಾನೇ ಹೋಗಿ ಅವಳನ್ನು ಮನೆಗೆ ಕರೆದುಕೊಂಡು ಬಂದ. ಪಡಸಾಲೆಯ ಕಿಟಕಿಯ ಹತ್ತಿರ ಕೂತು ಜಪಮಾಲೆ ತಿರುವುತ್ತಿರುತ್ತಾಳೆ. ಮಾತು ಬಹಳ ಕಡಿಮೆ.

ಈಚೆಗೆ ಕೆಲವು ವರ್ಷಗಳಿಂದ ಅವಳು ಹಣ್ಣುಗಳನ್ನು ಒಂದೊಂದಾಗಿ ಬಿಡುತ್ತಾ ಬಂದಳು. ಯಾರಿಗೂ ಹೇಳುತ್ತಿರಲಿಲ್ಲ. ಬಟ್ಟಲು ಕೈಗೆ ಬಂದಾಗ ಒಂದು ಹಣ್ಣನ್ನು ಮೆಲ್ಲಗೆ ಬದಿಗೆ ಸರಿಸುತ್ತಿದ್ದಳು, ಅಷ್ಟೇ. ಮುಂದಿನ ತಿಂಗಳು ಆ ಜಾಗದಲ್ಲಿ ಪೆಪ್ಪರ್‌ಮೆಂಟ್ ಇರುತ್ತಿತ್ತು. ಬರಬರುತ್ತಾ ಅವಳ ಬಟ್ಟಲಿನಲ್ಲಿ ಹಣ್ಣಿಗಿಂತ ಪೆಪ್ಪರ್‌ಮೆಂಟೇ ಹೆಚ್ಚಾಗಿ, ಕಾಕಾ ಅದನ್ನು ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ ಹಾಕತೊಡಗಿದ. ಕೆಂಪು, ಹಸಿರು, ಹಳದಿ ಬಣ್ಣ ಬಿಟ್ಟುಕೊಂಡ ಆ ಬಟ್ಟಲನ್ನು ನೋಡಿ ನಾವು ನಗುತ್ತಿದ್ದೆವು. ದೊಡ್ಡತ್ತೆಯೂ ನಗುತ್ತಿದ್ದಳು. ಕಾಕಾ ಮಾತ್ರ ನಗುತ್ತಿರಲಿಲ್ಲ.

ಒಂದು ಸಲ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ. "ಕಾಕಾ, ದೊಡ್ಡತ್ತಿ ಹಣ್ಣ ಬಿಟ್ರ ಬಿಡ್ಲಿ. ನೀ ಯಾಕ ಇಷ್ಟ ಮನಸ್ಸಿಗೆ ಹಚ್ಚಿಕೊಂತಿ?"

ಅವನು ಖಲಬತ್ತ ಕುಟ್ಟುವುದನ್ನು ನಿಲ್ಲಿಸಿದ. "ಮಗಳ, ಇದು ಬರೇ ಹಣ್ಣಿಂದಲ್ಲ. ಅಕ್ಕ ಹೊಂಡೂ ತಯಾರಿ ನಡಸ್ಯಾಳ."

ನಮ್ಮಲ್ಲಿ ಹಿರಿಯರು ಕಡೆಗಾಲ ಹತ್ತಿರವಾಯಿತು ಅನ್ನಿಸಿದಾಗ ಹೀಗೆ ಒಂದೊಂದನ್ನೇ ಕಡಿಮೆ ಮಾಡುತ್ತಾ, ಯಾರ ಮೇಲೂ ಬೇಸರವಿಲ್ಲದೆ, ಶಾಂತವಾಗಿ ಹೋಗಬಯಸುವುದುಂಟು. ಅದು ದೊಡ್ಡ ಪುಣ್ಯ. ಬೇಡ ಎಂದು ಅಡ್ಡ ಬರುವುದು ತಪ್ಪು. ಅದು ಕಾಕಾನಿಗೂ ಗೊತ್ತು. ಅಡ್ಡ ಬರುವಂತಿಲ್ಲ, ಸುಮ್ಮನಿರಲೂ ಅವನಿಂದ ಆಗುತ್ತಿಲ್ಲ. ಅಕ್ಕ ಒಂದು ಹಣ್ಣು ತೆಗೆದರೆ ಇವನು ಒಂದು ಪೆಪ್ಪರ್‌ಮೆಂಟ್ ಹಾಕುತ್ತಾನೆ. ಬಟ್ಟಲು ಖಾಲಿಯಾಗಬಾರದು, ಅವನಿಗೆ ಬೇಕಾದದ್ದು ಅದೊಂದೇ. ಇಷ್ಟು ದಿನ ಅದನ್ನು ನೋಡಿ ನಕ್ಕಿದ್ದಕ್ಕೆ ನನಗೆ ಅವತ್ತು ಬಹಳ ನಾಚಿಕೆಯಾಯಿತು.

ಈ ಸಲದ ಚಾತುರ್ಮಾಸದಲ್ಲಿ ದೊಡ್ಡತ್ತೆ ಸಕ್ಕರೆ ಬಿಟ್ಟಳು. ಅಂದರೆ ಪೆಪ್ಪರ್‌ಮೆಂಟಿಗೂ ದಾರಿ ಮುಚ್ಚಿತು. ಊಟ ಒಂದೇ ಹೊತ್ತಿಗೆ ಇಳಿದಿತ್ತು, ಅದೂ ಒಂದು ಹಿಡಿ ಗಂಜಿ. ಮಿರಜದ ಡಾಕ್ಟರು ನೋಡಿ, ರೋಗ ಏನೂ ಇಲ್ಲ, ವಯಸ್ಸಾಗಿದೆ, ಇನ್ನೊಂದಿಷ್ಟು ತಿನ್ನಲಿ ಎಂದು ಹೇಳಿ ಕಳಿಸಿದ್ದರು. ತಿನ್ನಲಿ ಎಂದು ಅವಳಿಗೆ ಹೇಳುವವರು ಯಾರು?

ನವರಾತ್ರಿಯ ಹೊತ್ತಿಗೆ ನಾವೆಲ್ಲ ಸೇರಿದೆವು. ಅಂದು ಕಾಕಾ ಅವಳ ಊಟದ ಹೊತ್ತಿಗೇ ಸರಿಯಾಗಿ, ಮಧ್ಯಾಹ್ನವೇ ಸಲಾಡ್ ಮಾಡಿದ. ನಮ್ಮ ಬಟ್ಟಲುಗಳನ್ನು ಕೊಟ್ಟು, ಅವಳದನ್ನು ಹಿಡಿದುಕೊಂಡು ಅವಳ ಮುಂದೆ ಕೂತ. ಅದರಲ್ಲಿ ಸಿಪ್ಪೆ ತೆಗೆದ ನಾಲ್ಕು ಬದಾಮಿ ಮಾತ್ರ ಇದ್ದವು.

"ಬದಾಮಿ ಇಳಿಯಂಗಿಲ್ಲೋ ತಮ್ಮಾ. ಹಲ್ಲೆಲ್ಲಿ ಅದಾವ?" ಎಂದಳು ದೊಡ್ಡತ್ತೆ.

ಕಾಕಾ ಬಟ್ಟಲನ್ನೇ ನೋಡುತ್ತಾ ಬೆರಳು ಮಡಚತೊಡಗಿದ. "ಮಾವು ಬಿಟ್ಟಿ. ಬಾಳಿಹಣ್ಣ ಬಿಟ್ಟಿ. ಚಿಕ್ಕು, ದಾಳಿಂಬರಿ, ಮೋಸಂಬಿ, ಸೇಬ, ಪಪಾಯಿ, ದ್ರಾಕ್ಷಿ ಎಲ್ಲಾ ಬಿಟ್ಟಿ. ಸೀತಾಫಲ ಅಂತೂ ನನಗ ತಿಳುವಳಿಕಿ ಬರೂದಕ್ಕಿಂತ ಮೊದಲ ಬಿಟ್ಟಿ. ಈಗ ಸಕ್ಕರಿ. ಇನ್ನ ಏನ್ ಹಾಕ್ಲಿ ಅಕ್ಕಾ ಇದರಾಗ? ನೀನ ಹೇಳು." ಬಿಳಿ ಮೀಸೆಯ ಮನುಷ್ಯ ನಮ್ಮೆಲ್ಲರ ಮುಂದೆ ಅತ್ತುಬಿಟ್ಟ.

ದೊಡ್ಡತ್ತೆ ಜಪಮಾಲೆ ಕೆಳಗಿಟ್ಟಳು. "ಸೀತಾಫಲ ಬಿಟ್ಟಿಲ್ಲೋ ನಾ."

"ಬಿಟ್ಟಿಲ್ಲ ಅಂದ್ರ? ಎಪ್ಪತ್ತ ವರ್ಷದಿಂದ ನೋಡೀನಿ, ಒಂದ ದಿನಾ ಮುಟ್ಟಿಲ್ಲ ನೀ."

"ಮುಟ್ಟಿಲ್ಲ, ಖರೇ ಐತಿ. ದೇವರ ಮುಂದ ಕೈಜೋಡಿಸಿ ಬಿಟ್ಟಿಲ್ಲ." ಅವಳೇ ಮುಂದುವರಿಸಿದಳು. "ಹೊಲದ ಬದುವಿನ್ಯಾಗ ಒಂದ ಗಿಡ ಇತ್ತು. ಛಲೋ ಹಣ್ಣೆಲ್ಲಾ ಸಂತಿಗೆ ಹೋಗ್ತಿದ್ದು. ಒಡದದ್ದೊಂದು ಅಪ್ಪ ಮನಿಗೆ ತರ್ತಿದ್ದ. ಅವ್ವ ಹೋದ ವರ್ಷ ನಿನಗ ಜ್ವರಾ ಬಂದು ಎಲುಬಷ್ಟ ಉಳದಿದ್ದಿ. ನೀ ಒಬ್ಬನ ತಿನ್ನವಲ್ಲಿ. ಅಕ್ಕಗ ಅರ್ಧಾ ಅಂತ ಹಟಾ ಮಾಡ್ತಿದ್ದಿ. ನನ್ನ ನೇಮ ಐತೋ, ತಿನ್ನಂಗಿಲ್ಲ ಅಂತ ಹೇಳಿದೆ. ಆಗ ತಿಂದಿ."

"ಆಮ್ಯಾಲ?"

"ಆಮ್ಯಾಲ ಏನು? ನೀ ಊರ ತುಂಬ ಹೇಳಿದಿ. ಎಲ್ಲಾರೂ ಖರೇ ಅಂತ ತಿಳಕೊಂಡ್ರು. ಬಿಟ್ಟೀನಿ ಅಂದಾಕಿ ಮತ್ತ ಹೆಂಗ ತಿನ್ನಲಿ? ಸುಳ್ಳ ಹೇಳಿದ್ದಕ್ಕ ಮುನಿಗಳ ಮುಂದ ಹೇಳಿಕೊಂಡು ಉಪವಾಸ ಮಾಡೀನಿ. ನಿನಗಷ್ಟ ಹೇಳಿದ್ದಿಲ್ಲ."

"ಯಾಕ ಹೇಳಲಿಲ್ಲ ಅಕ್ಕಾ?"

"ಹೇಳಿದ್ರ ಅರ್ಧಾ ಕೊಡ್ತಿದ್ದೆಲ್ಲೋ ನೀ."

ಕಾಕಾ ಎದ್ದ. ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಹೋದ. ಬಸ್‌ಸ್ಟ್ಯಾಂಡಿನ ಹಣ್ಣಿನ ಗಾಡಿಯವನು "ಕಾಯ್ ಝಾಲ ಕಾಕಾ, ಏನಾತ್ರಿ?" ಎಂದು ಗಾಬರಿಯಾಗಿ ಕೇಳಿದನಂತೆ, ಇವನು ಹಣ್ಣು ಆರಿಸುತ್ತಲೇ ಇದ್ದನಂತೆ. ಒಂದು ಸೀತಾಫಲ ತಂದ. ಬಿಸಿಲಿಗೆ ಹೋಗಿ ಬಿಡಿಸಿ ನೋಡಿದ. ಒಂದೊಂದು ತೊಳೆಯಿಂದಲೂ ಬೀಜ ತೆಗೆದು ಬಟ್ಟಲಿಗೆ ಹಾಕಿದ. ಮನೂಕ ಹಾಕಲಿಲ್ಲ, ಗೋಡಂಬಿ ಹಾಕಲಿಲ್ಲ, ಏನನ್ನೂ ಹಾಕಲಿಲ್ಲ. ಅವನು ಅಷ್ಟು ಸಾದಾ ಮಾಡಿ ಕೊಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ದೊಡ್ಡತ್ತೆಯ ಬಾಯಿಗೆ ಮೊದಲ ತೊಳೆಯನ್ನು ಅವನೇ ಇಟ್ಟ. ಅವಳು ಕಣ್ಣು ಮುಚ್ಚಿದಳು. ನಮ್ಮ ಬಟ್ಟಲುಗಳು ನಮ್ಮ ಕೈಯಲ್ಲೇ ಇದ್ದವು, ಯಾರೂ ತಿನ್ನುತ್ತಿರಲಿಲ್ಲ.

"ಹೆಂಗೈತೆಕ್ಕಾ?"

"ಸ್ವಲ್ಪ ತಡಿಯೋ" ಎಂದಳು ದೊಡ್ಡತ್ತೆ. "ನೆನಪ ಮಾಡ್ಕೊಳ್ಳಾಕತ್ತೀನಿ."

ಕಾಕಾ ಬಟ್ಟಲು ಹಿಡಿದುಕೊಂಡು ಕಾಯುತ್ತಾ ಕೂತ. ಎರಡನೆಯ ತೊಳೆಯನ್ನು ಅವಳು ತಾನೇ ಕೈ ಚಾಚಿ ತೆಗೆದುಕೊಂಡಳು.