ಒಂದು ಪುಟ್ಟ ವಿರಾಮ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ನೊಣ.

ಬೇರೆಯವರು ಬರೆದುಕೊಟ್ಟಿದ್ದನ್ನು ವರ್ಷಗಟ್ಟಲೆ ಓದಿ ಓದಿ ಬೇಸತ್ತ ವಾರ್ತೆ ಮೇಡಂ ಟಿವಿ ಕೆಲಸ ಬಿಟ್ಟು ಪಕ್ಷ ಸೇರಿದ್ದಳು. ಇನ್ನು ಬಾಯಿಯೂ ತನ್ನದೇ, ಮಾತೂ ತನ್ನದೇ. ಸಂಜೆ ಮೊದಲ ಸಭೆ. ಜನರನ್ನು ಹಿಡಿದು ಕೂರಿಸಿದರೆ ಚುನಾವಣೆಗೆ ಟಿಕೆಟ್ ಎಂದಿದ್ದರು ಪಕ್ಷದ ಅಧ್ಯಕ್ಷರು.

"ಒಳ್ಳೇ ಚಪ್ಪಲಿ ಹಾಕ್ಕೊಳ್ಳಮ್ಮ," ಎಂದರು ಅತ್ತೆ. "ಟಿವಿಲಾದ್ರೆ ಮೇಜಿನ ಕೆಳಗೆ ಬರಿಗಾಲಲ್ಲಿ ಕೂತ್ರೂ ನಡೀತಿತ್ತು."

ಎದುರುಮನೆಯಾಕೆ ಆಗಲೇ ಸಿಂಗರಿಸಿಕೊಂಡು ಬಾಗಿಲಲ್ಲಿದ್ದಳು. "ಚಪ್ಪಾಳೆ ಹೊಡೆಯೋಕೆ ನಾನೂ ಬರ್ತೀನಿ. ಹಾಗೇ ನಮ್ಮ ಬೀದಿ ನಲ್ಲಿ ನೀರಿನ ವಿಷಯ ಒಂಚೂರು ಹೇಳ್ಬಿಡಿ."

"ನನ್ನ ಭಾಷಣದಲ್ಲಿ ನಲ್ಲಿಗೆ ಜಾಗ ಇಲ್ಲ ಅಕ್ಕ."

ಮೈದಾನ ತುಂಬಿತ್ತು. ಮೇಡಂ ಕೈಯಲ್ಲಿ ಕಾಗದವಿಲ್ಲದೆ ಮಾತಿಗಿಳಿದಳು. ಜನ ಕಿವಿ ನೆಟ್ಟಗೆ ಮಾಡಿ ಕೇಳಿದರು. ಅಧ್ಯಕ್ಷರ ತಲೆ ತೂಗತೊಡಗಿತು. ಟಿಕೆಟ್ ಇನ್ನೇನು ಕೈಗೆ ಬಂತು ಎನ್ನುವಾಗ, ಎದುರಿಗೆ ಕ್ಯಾಮೆರಾ ಹಿಡಿದಿದ್ದ ಅವಳ ಹಳೆಯ ಸಹೋದ್ಯೋಗಿಯ ಮೂಗಿನ ಮೇಲೆ ನೊಣ ಕೂತಿತು. ಅದನ್ನು ಓಡಿಸಲು ಅವನು ಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿದ. ಸ್ಟುಡಿಯೋದಲ್ಲಿ ಅದಕ್ಕೆ ಒಂದೇ ಅರ್ಥ, ನಿಲ್ಲಿಸು.

ಬಾಯಿ ಅವಳನ್ನು ಕೇಳಲೇ ಇಲ್ಲ. "ಈಗ ಒಂದು ಪುಟ್ಟ ವಿರಾಮ. ಎಲ್ಲೂ ಹೋಗಬೇಡಿ," ಎಂದು ಮುಗುಳ್ನಕ್ಕುಬಿಟ್ಟಿತು. ಮೇಡಂ ಹಾಗೇ ಗೊಂಬೆಯಂತೆ ನಿಂತುಬಿಟ್ಟಳು.

ಜನರೂ ಟಿವಿ ನೋಡಿ ಪಳಗಿದವರೇ. ವಿರಾಮ ಎಂದದ್ದೇ ತಡ, ಮೈಮುರಿದು ಎದ್ದು ಟೀ ಅಂಗಡಿಯತ್ತ ಹೊರಟರು.

"ಎಲ್ಲಿಗ್ರೀ ಹೊರಟ್ರಿ, ಕೂತ್ಕೊಳ್ಳಿ," ಎನ್ನುತ್ತ ಎದುರುಮನೆಯಾಕೆ ವೇದಿಕೆ ಹತ್ತಿ ಮೈಕು ಕಿತ್ತುಕೊಂಡಳು. "ಮೇಡಂ ಸುಧಾರಿಸ್ಕೊಳ್ಳೋವರೆಗೂ ನಮ್ಮ ನಲ್ಲಿ ಕತೆ ಕೇಳಿ. ಬರೋದು ಮೂರು ಹನಿ, ಜಗಳಕ್ಕೆ ಇಡೀ ಬೀದಿ. ನಮ್ಮನೆ ಯಜಮಾನ್ರು ಮುಖಕ್ಕೆ ಸೋಪು ಹಚ್ಕೊಂಡವರು ಇನ್ನೂ ಕಾಯ್ತಾ ಕೂತಿದಾರೆ."

ಹೊರಟವರು ತಿರುಗಿದರು. ನಿಂತವರು ಕೂತರು. ನಗು, ಶಿಳ್ಳೆ, ಚಪ್ಪಾಳೆ. ವಿರಾಮ ಮುಗಿಯಲೇ ಇಲ್ಲ.

ಮೇಡಂ ಟಿಕೆಟ್ಟಿನ ಆಸೆ ಬಿಟ್ಟಿದ್ದಳು. ಆದರೆ ಅಧ್ಯಕ್ಷರು ಓಡಿಬಂದು ಕೈ ಕುಲುಕಿದರು. "ಎಂಥಾ ಉಪಾಯ ಮೇಡಂ ನಿಮ್ದು! ತೀರ್ಮಾನ ಆಗೋಯ್ತು. ಈಗಲೇ ಕಚೇರಿಗೆ ಬನ್ನಿ, ಘೋಷಣೆ ಮಾಡೇಬಿಡೋಣ."

ಅವಳು ಹಾರಿಕೊಂಡೇ ಹೋದಳು. ಕಚೇರಿಯಲ್ಲಿ ಝಗಝಗಿಸುವ ದೀಪಗಳು, ಕ್ಯಾಮೆರಾ, ಒಂದು ಮೇಜು, ಒಂದು ಕುರ್ಚಿ.

"ಕೂತ್ಕೊಳ್ಳಿ. ಇದು ಪಕ್ಷದ ಹೊಸ ಚಾನೆಲ್ಲು. ಮೊದಲನೇ ವಾರ್ತೆ ನಿಮ್ಮ ಬಾಯಿಂದಲೇ ಬರ್ಬೇಕು," ಎಂದು ಅಧ್ಯಕ್ಷರು ಒಂದು ಹಾಳೆ ಮುಂದಿಟ್ಟರು.

ಅವಳು ಓದಿದಳು. ಎಂದಿನ ಸ್ಪಷ್ಟ ಉಚ್ಚಾರ, ಎಂದಿನ ಮುಗುಳ್ನಗೆ.

"ನಮಸ್ಕಾರ. ನಮ್ಮ ಪಕ್ಷದ ಅಭ್ಯರ್ಥಿಯಾಗಿ, ಒಂದೇ ಸಂಜೆಯಲ್ಲಿ ಮನೆಮಾತಾದ ನಲ್ಲಿ ಅಕ್ಕ ಅವರನ್ನು ಆಯ್ಕೆ ಮಾಡಲಾಗಿದೆ."

ಮೇಜಿನ ಕೆಳಗೆ ಅವಳ ಕಾಲುಗಳು ತಾವಾಗಿಯೇ ಚಪ್ಪಲಿ ಕಳಚಿದವು.