ಕಸ ಅಂದವರು ಯಾರು?

ಕಂಪ್ಯೂಟರ್ ಕಲಿಸುವವರಿಗೆ ಎಂಥೆಂಥ ಪಜೀತಿ ಬರುತ್ತವೆ ಅನ್ನುವುದನ್ನು ಯಾವ ಸಿಲೆಬಸ್ಸಿನಲ್ಲೂ ಬರೆದಿರುವುದಿಲ್ಲ. ಹುನಗುಂದದ ನಮ್ಮ ಕಾಲೇಜಿನಲ್ಲಂತೂ ವರ್ಷಕ್ಕೊಂದು ಇದ್ದದ್ದೇ. ಈ ಸಲದ್ದು ಒಂದು ಮಾತಿನಿಂದ ಶುರುವಾಯಿತು.

ಹೆಸರು ತರ್ರಿ

ಬೆಂಗಳೂರಿನಿಂದ ತಪಾಸಣೆಗೆ ತಜ್ಞರೊಬ್ಬರು ಬರುವವರಿದ್ದರು. ಲ್ಯಾಬಿನ ಗೋಡೆಗೆ ಬರೆಸಲು ನಾನು ಪ್ರೋಗ್ರಾಮಿಂಗಿನವರ ಹಳೆಯ ಮಾತೊಂದನ್ನು ಕೊಟ್ಟೆ: 'ಕಸ ಹಾಕಿದರೆ ಕಸವೇ ಬರುತ್ತದೆ.' ತಪ್ಪು ಮಾಹಿತಿ ತುಂಬಿದರೆ ಕಂಪ್ಯೂಟರ್ ತಪ್ಪು ಉತ್ತರವನ್ನೇ ಕೊಡುತ್ತದೆ ಅಂತ ಅರ್ಥ. ಪ್ರಿನ್ಸಿಪಾಲರು ಓದಿ, ಇದನ್ನು ಯಾರು ಹೇಳಿದ್ದು ಅಂತ ಕೇಳಿದರು. ಗೊತ್ತಿಲ್ಲ, ಎಲ್ಲರೂ ಹೇಳುತ್ತಾರೆ ಅಂದೆ.

"ಕೆಳಗ ಹೆಸರಿಲ್ಲಂದ್ರ ನಾವ ನಮ್ಮ ಹುಡುಗರಿಗೆ ಕಸ ಅಂದಂಗ ಆಗ್ತೈತ್ರಿ. ಹೆಸರು ತರ್ರಿ."

ಮೂಲ ಪುರುಷ

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ದರು. ನಾನು ಈ ಮಾತನ್ನು ಮೊದಲು ಕೇಳಿದ್ದು ನಮ್ಮ ಗುರುಗಳ ಬಾಯಲ್ಲಿ. ಅವರೀಗ ನಿವೃತ್ತರಾಗಿ ಬಾಗಲಕೋಟೆಯಲ್ಲಿದ್ದಾರೆ. ಬಸ್ಸು ಹತ್ತಿ ಹೋದೆ. ಅವರು ಚಹಾ ಕುಡಿಸಿ, ಮಾತು ತಮ್ಮದಲ್ಲ, ಅದರ ಮೂಲ ಒಂದು ವೆಬ್‌ಸೈಟಿನಲ್ಲಿ ಆಧಾರ ಸಮೇತ ಇದೆಯಂತೆ ಅಂದರು. ಮೊಬೈಲಿನಲ್ಲಿ ತೆಗೆದು ತೋರಿಸಿದರು. ಆಧಾರ ಅಂತ ಕೊಟ್ಟಿದ್ದು, ಹಿಂದೊಮ್ಮೆ ಬಾದಾಮಿಯ ಕಾರ್ಯಕ್ರಮದಲ್ಲಿ ನಾನೇ ಮಾಡಿದ ಭಾಷಣ. ಅಲ್ಲಿ ನಾನು, ಇದು ನಮ್ಮ ಗುರುಗಳ ಮಾತು ಅಂದಿದ್ದೆ.

ಗುರುಗಳು ಕನ್ನಡಕ ಒರೆಸಿಕೊಂಡು, "ಹಂಗಾರ ನಂದ ಇರಬೇಕು ಬಿಡು" ಅಂದರು.

ಚಿಗವ್ವನ ಅತ್ತೆ

ಇಳಕಲ್ಲಿನಲ್ಲಿ ನಮ್ಮ ಅವ್ವನ ತಂಗಿ, ಚಿಗವ್ವ ಇದ್ದಾಳೆ. ನನ್ನ ಪರದಾಟ ಕೇಳಿ, ಇದು ತನ್ನ ಅತ್ತೆಯ ಮಾತೇ ಅಂದಳು. ಜ್ವಾಳ ಹಸನು ಮಾಡದೆ ಗಿರಣಿಗೆ ಒಯ್ದಾಗಲೆಲ್ಲ ಮುದುಕಿ ಹೀಗೇ ಅನ್ನುತ್ತಿದ್ದಳಂತೆ. ಹಾಗಾದರೆ ಅವರ ಹೆಸರೇ ಹಾಕಿಸುತ್ತೇನೆ ಅಂದೆ.

"ಬ್ಯಾಡೋ ಯಪ್ಪಾ. ಅಕಿ ಇದ್ದಾಗ ಕೇಳಿದ್ದು ಸಾಕಾಗೇತಿ. ಇನ್ನ ಗೋಡಿ ಮ್ಯಾಲೂ ಓದಬೇಕೇನು?"

ಖಾಲಿ ಜಾಗ

ಕೊನೆಗೆ ಕಮತಗಿಯ ಪೇಂಟರ್‌ಗೆ, ಮಾತಷ್ಟೇ ಬರೆದು ಕೆಳಗೆ ಹೆಸರಿಗೆ ಜಾಗ ಬಿಡು ಅಂತ ಫೋನ್ ಮಾಡಿದೆ. ಅವನು ಯಾವ ಬೋರ್ಡು ಬರೆದರೂ ಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರು ಹಾಕುವವನು. ಇಲ್ಲಿ ಕಾಲೇಜಿನವರೇ ಜಾಗ ಬಿಡಿಸಿದ್ದಾರೆ ಅಂತ ಹಿಗ್ಗಿ, ಮಾತಿನಷ್ಟೇ ದೊಡ್ಡ ಅಕ್ಷರದಲ್ಲಿ 'ಬೀರಪ್ಪ, ಕಮತಗಿ' ಅಂತ ಬರೆದುಬಿಟ್ಟಿದ್ದ.

ನಾನು ಅದನ್ನು ನೋಡಿದ್ದು ತಜ್ಞರು, ಪ್ರಿನ್ಸಿಪಾಲರ ಜೊತೆ ಲ್ಯಾಬಿನೊಳಗೆ ಕಾಲಿಟ್ಟಾಗಲೇ. ತಜ್ಞರು ಗೋಡೆಯ ಮುಂದೆ ನಿಂತು ನಿಧಾನವಾಗಿ ಓದಿ ತಲೆದೂಗಿದರು.

"ಬೀರಪ್ಪನವರದಲ್ಲವೇ? ಅವರ ಪುಸ್ತಕ ಓದಿದ್ದೇನೆ. ಬಹಳ ಆಳವಾಗಿ ಬರೆಯುತ್ತಾರೆ."

ಪ್ರಿನ್ಸಿಪಾಲರು ನನ್ನ ಕಿವಿಯ ಹತ್ತಿರ ಬಗ್ಗಿ, "ಲೈಬ್ರರಿಗೆ ಎರಡು ಕಾಪಿ ತರಸ್ರಿ" ಅಂದರು.