ಕೆಲಸ ಕಲಿಸುವ ಕೆಲಸ

ಸರ್ಕಾರ ಅನುದಾನ ಕೊಡುತ್ತದೆ, ಸುತ್ತಮುತ್ತಲಿನ ಕಾರ್ಖಾನೆ ಮಾಲೀಕರು ಒಟ್ಟಾಗಿ ಕೂತು ತಮಗೆಂಥ ಕೆಲಸಗಾರರು ಬೇಕೆಂದು ಹೇಳುತ್ತಾರೆ, ನಾವು ಅದನ್ನೇ ಕಲಿಸುತ್ತೇವೆ. ಕೆ.ಆರ್. ಪುರಂನ ನಮ್ಮ ತರಬೇತಿ ಕೇಂದ್ರ ನಡೆಯುವುದು ಹೀಗೆ. ಕೇಳುವುದಕ್ಕೆ ಸಲೀಸು. ಅದನ್ನು ನೋಡಿಕೊಳ್ಳುವ ನನಗೆ ಮಾತ್ರ ಏನಾದರೊಂದು ಪ್ರಸಂಗ ತಪ್ಪಿದ್ದೇ ಇಲ್ಲ.

ಮೊದಲ ಸಭೆ

ಮಾಲೀಕರನ್ನೆಲ್ಲ ಕರೆದು ಕೂರಿಸಿ, "ನಿಮಗೆ ಯಾವ ಕೆಲಸ ಗೊತ್ತಿರೋರು ಬೇಕು?" ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಸಾಲೆ ವಡೆ ತಿಂದರು. ಬಾಯಿಬಿಟ್ಟರೆ ಹೊಸ ಆರ್ಡರ್ ಸಿಕ್ಕಿರುವುದು ಪಕ್ಕದವನಿಗೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಸಭೆ ಮುಗಿದ ಮೇಲೆ ಒಬ್ಬೊಬ್ಬರೇ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಪಿಸುಗುಟ್ಟಿದರು: "ವೆಲ್ಡರ್ ಬೇಕು ಸಾರ್. ಮಿಕ್ಕೋರಿಗೆ ಹೇಳ್ಬೇಡಿ."

ಎಲ್ಲರಿಗೂ ಬೇಕಾಗಿದ್ದು ವೆಲ್ಡರೇ.

ಮೆಷಿನ್ ಬಂತು

ವೆಲ್ಡಿಂಗ್ ಸಾಮಾನಿನ ಜೊತೆಗೆ ಅನುದಾನದ ಪಟ್ಟಿಯಲ್ಲಿದ್ದ ಲೇತ್ ಮೆಷಿನ್ನೂ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ. ಉದ್ಘಾಟನೆಯ ದಿನ ಬೆಳಗ್ಗೆ ಬಾಗಿಲಿನ ಚೌಕಟ್ಟು ಕಿತ್ತು, ಪಕ್ಕದ ಗೋಡೆಯನ್ನೂ ಒಡೆಸಿ ಒಳಗಿಟ್ಟೆವು. ಟೇಪು ಕಟ್ಟಲು ಏನೂ ಉಳಿದಿರಲಿಲ್ಲ. ಒಂದು ತುದಿ ವೆಲ್ಡಿಂಗ್ ಮೇಷ್ಟ್ರು, ಇನ್ನೊಂದು ತುದಿ ನಾನು ಹಿಡಿದು ನಿಂತೆವು. ಉದ್ಘಾಟನೆಗೆ ಬಂದ ಸರ್ಕಾರಿ ಅಧಿಕಾರಿ ಟೇಪು ಕತ್ತರಿಸಿ ಒಳಗೆ ಬಂದರು. ತಿರುಗಿ ಗೋಡೆ ನೋಡಿದರು.

"ಗಾಳಿ ಬೆಳಕಿಗೆ ಒಳ್ಳೆ ವ್ಯವಸ್ಥೆ ಮಾಡಿಸಿದ್ದೀರಿ," ಅಂದರು. "ಬೇರೆ ಸೆಂಟರ್‌ಗಳಿಗೂ ಹೇಳ್ತೀನಿ, ಹೀಗೇ ಮಾಡಿಸ್ಲಿ."

ಇಂಟರ್‌ವ್ಯೂ

ಲಿಂಗರಾಜಪುರದಿಂದ ಒಬ್ಬ ಹೆಂಗಸು ವೆಲ್ಡಿಂಗ್ ಕಲಿಯಲು ಬರುತ್ತಿದ್ದರು. ಮೊದಲು ಗಾರ್ಮೆಂಟ್ಸ್‌ನಲ್ಲಿದ್ದರಂತೆ. ಒಂದು ಸೋಮವಾರ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ. ಮನೆ ನಡೆಯುತ್ತಿದ್ದುದೇ ಆ ಸಂಬಳದಲ್ಲಿ. ಕೈ ಸುಟ್ಟುಕೊಂಡರೂ ಒಂದು ಕ್ಲಾಸೂ ತಪ್ಪಿಸಲಿಲ್ಲ. ಕೋರ್ಸ್ ಮುಗಿದ ಮೇಲೆ, ಮೆಟ್ಟಿಲ ಹತ್ತಿರ ಪಿಸುಗುಟ್ಟಿದ್ದ ಮಾಲೀಕರೊಬ್ಬರ ಕಾರ್ಖಾನೆಗೆ ನಾನೇ ಇಂಟರ್‌ವ್ಯೂಗೆ ಕರೆದುಕೊಂಡು ಹೋದೆ.

ಮಾಲೀಕರು ಎಲ್ಲೋ ಕಲಿತ ಪ್ರಶ್ನೆ ಕೇಳಿದರು: "ಇನ್ನು ಐದು ವರ್ಷಕ್ಕೆ ನೀವು ಎಲ್ಲಿರ್ತೀರಮ್ಮ?"

ಆಕೆ ಶೆಡ್ಡಿನ ಸೂರನ್ನೊಮ್ಮೆ ನೋಡಿದರು. "ನಾನು ಇಲ್ಲೇ ಇರ್ತೀನಿ ಸಾರ್. ನೀವಿರ್ತೀರಾ?"

ಮಾಲೀಕರು ನನ್ನ ಮುಖ ನೋಡಿದರು. ನಾನು ಕ್ಯಾಲೆಂಡರ್ ನೋಡಿದೆ.

"ಇರ್ತೀವಮ್ಮ. ಆರ್ಡರ್ ಇದೆ," ಅಂದರು.

"ಪಿ.ಎಫ್. ಕಟ್ತೀರಾ?"

"ಕಟ್ತೀವಿ."

"ಪಕ್ಕದ ಶೆಡ್ ಯಾಕೆ ಮುಚ್ಚಿದೆ?"

"ಅದು ನಮ್ದಲ್ಲಮ್ಮ," ಅಂತ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಆಕೆ ಎದ್ದು ಸೆರಗು ಸರಿಮಾಡಿಕೊಂಡು, "ಆಯ್ತು ಸಾರ್, ಮನೇಲಿ ಕೇಳಿ ನಾಳೆ ತಿಳಿಸ್ತೀನಿ," ಅಂದು ಹೊರಟರು. ಸಿಗಬೇಕಿದ್ದ ಕೆಲಸ ಹೋಯಿತು ಅಂದುಕೊಂಡು ನಾನೂ ಹಿಂದೆ ನಡೆದೆ.

ಮಾರನೇ ದಿನ ಬೆಳಗ್ಗೆ ಮಾಲೀಕರ ಫೋನ್ ಬಂತು. ದನಿ ತಗ್ಗಿತ್ತು.

"ಸಾರ್, ಆಯಮ್ಮ ಏನಂದ್ರು? ನಾನು ಪಾಸಾದ್ನಾ?"